ಕವಾಟ, ಕರುಣೆ ಮತ್ತು ವಿವೇಕ

ಯಕೃತ್ತು ಪೂರ್ಣವಾಗಿ ಕೆಟ್ಟ ರೋಗಿಗೆ ದಾನಿಯ ಯಕೃತ್ತಿನ ಕಸಿಯೇ ಕೊನೆಯ ಉಪಾಯ. 1963ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಡಾ. ಥಾಮಸ್ ಸ್ಟಾರ್ಜ್ಲ್ ಮೊದಲು ಯತ್ನಿಸಿದ ಈ ಚಿಕಿತ್ಸೆ 1967ರಲ್ಲಿ ಫಲ ನೀಡಿತು. ಆದರೆ ಅದೇ ರೋಗಿಯ ಹೃದಯದಲ್ಲಿ ಮಹಾಪಧಮನಿಯ ಕವಾಟವೂ ಕಿರಿದಾಗಿದ್ದರೆ? ಕಸಿಯ ವೇಳೆ ರಕ್ತದೊತ್ತಡದ ಏರಿಳಿತವನ್ನು ಅಂತಹ ಹೃದಯ ತಾಳಲಾರದು. ಮೊದಲು ಎದೆ ತೆರೆದು ಕವಾಟ ಬದಲಿಸಲು ಹೊರಟರೆ, ಕೆಟ್ಟ ಯಕೃತ್ತಿನಿಂದಾಗಿ ರಕ್ತಸ್ರಾವವೇ ಪ್ರಾಣಾಂತಿಕವಾಗಬಹುದು. ಒಂದು ವ್ಯಾಧಿಯು ಇನ್ನೊಂದರ ಚಿಕಿತ್ಸೆಗೆ ಅಡ್ಡ ನಿಲ್ಲುತ್ತದೆ.

2002ರಲ್ಲಿ ಫ್ರಾನ್ಸಿನ ಡಾ. ಅಲಾಂ ಕ್ರಿಬಿಯೆ ಎದೆ ತೆರೆಯದೆ ರಕ್ತನಾಳದ ಮೂಲಕವೇ ಕವಾಟವನ್ನು ಕೂರಿಸಿದರು. ಈ ಮಾರ್ಗದಿಂದ ಕೆಲವು ರೋಗಿಗಳು ಕಸಿಗೆ ಅರ್ಹರಾಗುತ್ತಿದ್ದಾರೆ. ಆದರೆ ಹೀಗೆ ಕೂರಿಸುವ ಕವಾಟವು ಹಸು ಅಥವಾ ಹಂದಿಯ ಹೃದಯದ ಪೊರೆಯಿಂದ ರಚಿತವಾದುದು. ಪ್ರಾಣಿಜನ್ಯವಲ್ಲದ ಕವಾಟಗಳೂ ಉಂಟು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ಕವಾಟವನ್ನು 1990ರಲ್ಲಿ ಮೊದಲ ಬಾರಿ ರೋಗಿಗೆ ಅಳವಡಿಸಲಾಯಿತು. ಆದರೆ ಅವಕ್ಕೆ ಎದೆ ತೆರೆಯಬೇಕು, ರಕ್ತ ಹೆಪ್ಪುಗಟ್ಟದಂತೆ ಜೀವನಪರ್ಯಂತ ಔಷಧಿ ಸೇವಿಸಬೇಕು. ಯಕೃತ್ತು ಕೆಟ್ಟವನಿಗೆ ಇವೆರಡೂ ಗಂಡಾಂತರಗಳೇ.

ಹಾಗಾದರೆ ಅಹಿಂಸಾವ್ರತಿಯಾದ ಶ್ರಾವಕನು ಏನು ಮಾಡಬೇಕು? ರೋಗಿಯು ಆ ಪ್ರಾಣಿಯನ್ನು ಕೊಂದವನಲ್ಲ, ಕೊಲ್ಲಿಸಿದವನೂ ಅಲ್ಲ. ಆದ್ದರಿಂದ ಇದು ಸಂಕಲ್ಪೀ ಹಿಂಸೆಯಲ್ಲವೆಂದು ವಾದಿಸಬಹುದು. ಆದರೆ ಕೃತ, ಕಾರಿತಗಳ ಜೊತೆಗೆ ಅನುಮೋದನೆಯನ್ನೂ ಎಣಿಸುವ ಧರ್ಮದಲ್ಲಿ, ವಧೆಯ ಫಲವನ್ನು ಪಡೆದವನು ತಾನು ಸಂಪೂರ್ಣ ನಿರ್ದೋಷಿಯೆನ್ನಲಾಗದು. ಅದನ್ನು ದೋಷವೇ ಅಲ್ಲವೆಂದು ಸಾಧಿಸುವುದಕ್ಕಿಂತ, ಅನಿವಾರ್ಯವೆಂದು ಅರಿತು ಪಶ್ಚಾತ್ತಾಪದಿಂದ ಸ್ವೀಕರಿಸುವುದು ಪ್ರಾಮಾಣಿಕವಾದ ಮಾರ್ಗ. ಉಳಿದ ಆಯುಷ್ಯವನ್ನು ಜೀವದಯೆಗೆ ಮೀಸಲಿಡುವುದೇ ಅದಕ್ಕೆ ತಕ್ಕ ಪ್ರಾಯಶ್ಚಿತ್ತ.

ಇನ್ನೊಬ್ಬನು ಅದನ್ನು ನಿರಾಕರಿಸಿದರೆ ಆ ನಿರ್ಧಾರವೂ ಗೌರವಾರ್ಹ. ಆದರೆ ಪ್ರತೀಕಾರವುಳ್ಳ ರೋಗದಲ್ಲಿ ಮರಣವನ್ನು ಒಪ್ಪಿಕೊಳ್ಳುವುದನ್ನು ಸಲ್ಲೇಖನವೆಂದು ಕರೆಯಲಾಗದು. ಸಮಂತಭದ್ರಾಚಾರ್ಯರ ಶ್ರಾವಕಾಚಾರವು ಅದಕ್ಕೆ ರೋಗವು ಪ್ರತೀಕಾರರಹಿತವಾಗಿರಬೇಕೆಂಬ ನಿಬಂಧನೆಯನ್ನು ವಿಧಿಸುತ್ತದೆ. ಈ ಭೇದವನ್ನು ಕುಟುಂಬದವರು ಮರೆಯಬಾರದು.

ನಿಜವಾದ ಅಧರ್ಮವಿರುವುದು ಮರೆಮಾಚುವುದರಲ್ಲಿ. ನೊಂದುಕೊಂಡಾನೆಂದು ಮಕ್ಕಳು ಕವಾಟದ ಮೂಲವನ್ನು ತಂದೆಗೆ ತಿಳಿಸದಿದ್ದರೆ, ಅವನ ವ್ರತವನ್ನು ಅವನ ಅರಿವಿಲ್ಲದೆ ಮುರಿದಂತಾಗುತ್ತದೆ. ಅದು ಅಸತ್ಯವೂ ಹೌದು, ಹಿಂಸೆಯೂ ಹೌದು. ಔಷಧದಾನಕ್ಕೆ ನಿಧಿಯಿರಿಸಿರುವ ಬಸದಿಗಳ ಟ್ರಸ್ಟುಗಳು ಕವಾಟದ ಕಾರಣವೊಡ್ಡಿ ನೆರವನ್ನು ನಿರಾಕರಿಸಬಾರದು. ಬದಲಾಗಿ, ರೋಗಿಗೆ ಎಲ್ಲವನ್ನೂ ತಿಳಿಸಿ ಅವನ ಸಮ್ಮತಿಯನ್ನು ಪಡೆಯಲಾಗಿದೆಯೇ ಎಂದು ವಿಚಾರಿಸಲಿ. ತಿಳಿದು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ರೋಗಿಗೆ ಉಳಿಸಿಕೊಡುವುದು ಔಷಧದಾನದಷ್ಟೇ ದೊಡ್ಡ ದಾನ.