ಸುಗಂಧದ ಒಡೆತನ

ಗಂಧವು ಪೃಥ್ವಿಯ ಲಕ್ಷಣವೆಂದು ತರ್ಕಶಾಸ್ತ್ರಕ್ಕೆ ಕೈಹಚ್ಚಿದ ಬಾಲಕನು ಮೊದಲಿನ ಪಾಠಗಳಲ್ಲಿಯೇ ಕಲಿಯುವನು. ಕುಂದಗೋಳ ತಾಲೂಕಿನ ಗುಡಗೇರಿಯ ರೈತನು ತರ್ಕವನ್ನೋದದೆಯೇ ಅದನ್ನು ಬಲ್ಲನು. ಬೇಸಿಗೆಯ ಬಿಸಿಲಿಗೆ ಬಿರಿದು ಬಾಯ್ದೆರೆದ ಎರೆಹೊಲದ ಮೇಲೆ ಮೊದಲ ಮಳೆಯ ಹನಿಗಳು ಬಿದ್ದ ಕೂಡಲೆ ಏಳುವ ವಾಸನೆಯು ಹೊಲದೊಡೆಯನ ಮೂಗಿಗೆ ಬರುವಷ್ಟೇ ಹಾದಿಹೋಕನ ಮೂಗಿಗೂ ಬರುವದು. ಅದಕ್ಕೆ ಪಹಣಿಯೂ ಇಲ್ಲ, ಕಂದಾಯವೂ ಇಲ್ಲ. ಆದರೆ ಅದೇ ವಾಸನೆಯನ್ನು ಸೀಸೆಯಲ್ಲಿ ಸೆರೆಹಿಡಿದು, ದುಡ್ಡು ಕೊಟ್ಟು ಕೊಂಡು, ಒಬ್ಬನು ತನ್ನ ಮೈಗೆ ಪೂಸಿಕೊಂಡನೆಂದರೆ ಆಗ ಅದು ಯಾರದಾಯಿತು? ಪ್ರಶ್ನೆಯು ಕ್ಷುದ್ರವೆಂದು ತೋರಬಹುದು. ಆದರೆ ಇದರ ಉತ್ತರವನ್ನು ತಪ್ಪಾಗಿ ಹೇಳಿಕೊಂಡದ್ದರಿಂದ ಅನೇಕ ಮನೆಗಳಲ್ಲಿ ಅನ್ಯಾಯವೊಂದು ಬಹುಕಾಲ ನಡೆದುಬಂದಿದೆ.

ಸೀಸೆಯಲ್ಲಿ ಸೆರೆಹಿಡಿಯುವದೆಂಬದು ಅಲಂಕಾರದ ಮಾತಲ್ಲ. ಉತ್ತರಪ್ರದೇಶದ ಕನೌಜಿನಲ್ಲಿ ಅತ್ತರಿನ ಕಸಬಿನವರು ಸುಟ್ಟ ಮಣ್ಣಿನ ತುಂಡುಗಳನ್ನು ತಾಮ್ರದ ಹಂಡೆಯಲ್ಲಿ ನೀರಿನೊಡನೆ ಹಾಕಿ, ಮುಚ್ಚಳದ ಸಂದುಗಳಿಗೆ ಮಣ್ಣು ಮೆತ್ತಿ, ಕೆಳಗೆ ಉರಿ ಹಾಕುತ್ತಾರೆ. ಏಳುವ ಉಗಿಯು ಬಿದಿರಿನ ಕೊಳವೆಯಿಂದ ಹಾಯ್ದು, ತಣ್ಣೀರಿನಲ್ಲಿಟ್ಟ ಇನ್ನೊಂದು ಪಾತ್ರೆಯೊಳಗಿನ ಶ್ರೀಗಂಧದೆಣ್ಣೆಯನ್ನು ಸೇರುವದು; ಎಣ್ಣೆಯು ವಾಸನೆಯನ್ನು ಹಿಡಿದುಕೊಳ್ಳುವದು, ನೀರು ಕೆಳಗೆ ಉಳಿಯುವದು. ಇದೇ ಮಣ್ಣಿನ ಅತ್ತರು. 1964ರಲ್ಲಿ ಆಸ್ಟ್ರೇಲಿಯದ ಬೇರ್ ಮತ್ತು ಥಾಮಸ್ ಎಂಬ ವಿಜ್ಞಾನಿಗಳು ಈ ಮಳೆವಾಸನೆಗೆ ‘ಪೆಟ್ರಿಕೋರ್’ ಎಂಬ ಹೊಸ ಹೆಸರನ್ನಿಟ್ಟು ಅದರ ಕಾರಣವನ್ನು ವಿಚಾರಿಸಿದಾಗ ಕನೌಜಿನವರ ಕೆಲಸವನ್ನು ಸ್ಮರಿಸಿದರು. ಶ್ರೀಗಂಧದೆಣ್ಣೆಯು ತುಟ್ಟಿಯಾದಂದಿನಿಂದ ಅದರ ಬದಲಾಗಿ ವಾಸನೆಯಿಲ್ಲದ ಖನಿಜತೈಲವನ್ನು ಬಳಸುವವರೂ ಇದ್ದಾರೆ. ಅಂಥ ಅತ್ತರಿನಲ್ಲಿ ಮಳೆಯು ಬಂದಂತೆ ಮಾಡಿ ಹೋಗಿಬಿಡುವದು.

ಗುಡಗೇರಿಯ ಗೃಹಸ್ಥನೊಬ್ಬನು ಋತುವಿಗೊಂದರಂತೆ ಅತ್ತರನ್ನು ಪೂಸಿಕೊಳ್ಳುವನೆಂದು ಭಾವಿಸಿರಿ. ಬೇಸಿಗೆಯಲ್ಲಿ ಪೂಸಿಕೊಂಡ ಲಾವಂಚವು ಮೊದಲು ಹಸಿಬೇರಿನ ಒಗರನ್ನೂ ಆಮೇಲೆ ಹೊಸ ಮಣ್ಣಿನ ಕೊಡದ ನೀರಿನ ತಂಪನ್ನೂ ಕೊಡುವದು. ಚಳಿಗಾಲದ ಹೀನಾ ಅತ್ತರು ಪೂಸಿದ ಗಳಿಗೆಯಲ್ಲಿ ಗಾಂಧಿಗರ ಅಂಗಡಿಯನ್ನು ನೆನಪಿಸುವಷ್ಟು ಕಟು. ಹೊತ್ತು ಮುಳುಗುವದರೊಳಗೆ ಅಜ್ಜಿಯ ಪೆಟ್ಟಿಗೆಯಲ್ಲಿ ಮಡಿಸಿಟ್ಟ ರೇಶ್ಮೆಯ ಹಾಗೆ ಬೆಚ್ಚಗಾಗುವದು. ಕೇದಿಗೆಯು ಗದ್ದಲ ಮಾಡುತ್ತ ಬರುವ ಬೀಗನಂತೆ. ಬಂದದ್ದು ಓಣಿಗೆಲ್ಲ ತಿಳಿಯುವದು. ಗುಲಾಬಿಯು ಸಭ್ಯಸ್ಥನ ಹಾಗೆ ಬೇಗನೆ ಎದ್ದುಹೋಗುವದು. ಮಣ್ಣಿನ ಅತ್ತರು ಮಾತ್ರ ಮೈಯ ಅಲಂಕಾರವೆನಿಸದೆ, ಎಲ್ಲಿಯೋ ಮಳೆಯಾಗಿರಬೇಕೆಂಬ ಭ್ರಾಂತಿಯನ್ನು ಹುಟ್ಟಿಸುವದು. ಇವೆಲ್ಲವುಗಳಲ್ಲಿಯೂ ಒಂದು ವಿಚಿತ್ರವಿದೆ. ಪೂಸಿಕೊಂಡ ಸ್ವಲ್ಪ ಹೊತ್ತಿಗೆ ಅವನ ಮೂಗು ಆ ವಾಸನೆಗೆ ಒಗ್ಗಿ ಅದನ್ನು ಗುರುತಿಸದಾಗುವದು. ಬದಿಯಲ್ಲಿ ಬಂದು ಕುಳಿತವನಿಗೆ ಅದು ಹೊಸದಾಗಿಯೇ ಇರುವದು. ಅನ್ನದ ಸುಖವು ಉಂಡವನಿಗೆ, ವಸ್ತ್ರದ ಸುಖವು ಉಟ್ಟವನಿಗೆ. ಅತ್ತರು ತನ್ನ ಒಡೆಯನನ್ನೇ ಮೊದಲು ಮರೆಯುವದು. ಇಂಥದನ್ನು ಸ್ವಂತದ ಸೊತ್ತೆನ್ನುವದು ಹೇಗೆ?

ಹಾಗಾದರೆ ಅದು ನೆರೆಯವರದೋ? ಬೌದ್ಧರ ಜಾತಕಗಳಲ್ಲಿ ಇದಕ್ಕೆ ಹತ್ತಿರದ ಕಥೆಯೊಂದಿದೆ. ಕೊಳದ ದಂಡೆಯಲ್ಲಿ ನಿಂತು ಅರಳಿದ ತಾವರೆಯನ್ನು ಮೂಸಿದ ತಪಸ್ವಿಯನ್ನು ಅಲ್ಲಿಯ ದೇವತೆಯು ಗಂಧಚೋರನೆಂದು ಜರೆಯುವಳು. ಇನ್ನೊಬ್ಬನು ಕೊಳಕ್ಕಿಳಿದು ದಂಟುಗಳನ್ನು ಕಿತ್ತು ಹೂಗಳನ್ನು ಮುರಿದರೂ ಅವನಿಗೆ ಏನನ್ನೂ ಅನ್ನಳು. ತಪಸ್ವಿಯು ಕಾರಣವನ್ನು ಕೇಳಲು, ಮಲಿನನಿಗೆ ಹೇಳಿ ಫಲವಿಲ್ಲ, ಶುದ್ಧನಲ್ಲಿಯಾದರೆ ಅಲ್ಪ ದೋಷವೂ ದೊಡ್ಡದಾಗಿ ಕಾಣುವದೆಂದು ಉತ್ತರ. ಕಥೆಯು ಸೊಗಸಾಗಿದೆ, ದೇವತೆಯ ನ್ಯಾಯವು ಮಾತ್ರ ಸಂಸಾರಿಗಳಿಗೆ ಹೊಂದಲಾರದು. ಮೂಸಿದವನು ಕಳ್ಳನಾದರೆ, ಬೇಡದವನ ಮೂಗಿನಲ್ಲಿ ತನ್ನ ವಾಸನೆಯನ್ನು ತುರುಕಿದವನು ಏನಾದನು? ಹುಬ್ಬಳ್ಳಿಗೆ ಹೋಗುವ ರೈಲಿನ ಡಬ್ಬಿಯಲ್ಲಿ ಮೆಣಸಿನಕಾಯಿಯ ಚೀಲವನ್ನಿಟ್ಟವನನ್ನು ಸೀನುವವರೆಲ್ಲರೂ ಬಯ್ಯುವರು. ಫ್ರಾನ್ಸಿನ ಬೆಲೆಬಾಳುವ ಸೀಸೆಯಿಂದ ಮೈತುಂಬ ಸಿಂಪಡಿಸಿಕೊಂಡು ಹತ್ತಿದವನಿಗೆ ತಲೆನೋವು ಬಂದವರೂ ಮರ್ಯಾದೆ ಕೊಡುವರು. ದಮ್ಮಿನ ರೋಗಿಗೆ ಎರಡೂ ಒಂದೇ. ಎಣ್ಣೆಯ ಅತ್ತರು ಮೈಗೆ ಅಂಟಿಕೊಂಡಿದ್ದು ಸಮೀಪಕ್ಕೆ ಬಂದವರಿಗಷ್ಟೇ ತಿಳಿಯುವದು. ಮದ್ಯಸಾರದಲ್ಲಿ ಬೆರೆಸಿದ್ದು ಬೇಗನೆ ಆರಿ ದೂರಕ್ಕೂ ಹರಡುವದು. ಹಿಂದಿನವರು ಅತ್ತರಿನ ಹತ್ತಿಯನ್ನು ಕಿವಿಯ ಸಂದಿಯಲ್ಲಿಟ್ಟುಕೊಳ್ಳುತ್ತಿದ್ದುದರಲ್ಲಿ ಇಷ್ಟುಮಟ್ಟಿನ ವಿವೇಕವಿತ್ತು.

ಅರಸರ ಮಾತು ಬೇರೆ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ವಿಲೇಪನವನ್ನು ರಾಜನ ಭೋಗಗಳಲ್ಲಿ ಎಣಿಸಿದನು. ಮೈಸೂರು ಸೀಮೆಯಲ್ಲಿ ಟಿಪ್ಪು ಸುಲ್ತಾನನು 1792ರಲ್ಲಿ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದನು. ರೈತನ ಹೊಲದಲ್ಲಿ ಬೆಳೆದ ಶ್ರೀಗಂಧವು ರೈತನದೇ ಎಂದು ಕರ್ನಾಟಕದ ಕಾಯಿದೆಯು ಒಪ್ಪಿದ್ದು 2001ರಲ್ಲಿ. ಆ ಗಿಡವಾದರೋ ನೆರೆಯ ಗಿಡಗಳ ಬೇರಿಗೆ ತನ್ನ ಬೇರನ್ನು ಹಚ್ಚಿ ಅವುಗಳ ಸಾರವನ್ನು ಹೀರಿ ಬೆಳೆಯತಕ್ಕದ್ದು. ಒಡೆತನದ ಲೆಕ್ಕವನ್ನು ಬುಡದಿಂದ ಹಿಡಿದರೆ ಎಲ್ಲಿಗೆ ಹೋಗಿ ಮುಟ್ಟುವದೋ!

ಇವೆಲ್ಲವುಗಳಿಗಿಂತ ಮನೆಗೆ ಹತ್ತಿರದ ಸಂಗತಿಯೊಂದುಂಟು. ಶಾಸ್ತ್ರಕಾರರು ಬ್ರಹ್ಮಚಾರಿಗೆ ಗಂಧಮಾಲ್ಯಗಳನ್ನು ನಿಷೇಧಿಸಿದರು. ಅದು ವಿದ್ಯೆ ಮುಗಿಯುವವರೆಗಿನ ನೇಮ. ಸಂನ್ಯಾಸಿಯು ಬಿಡುವದು ತನ್ನ ಇಚ್ಛೆಯಿಂದ. ಆದರೆ ಗಂಡನನ್ನು ಕಳಕೊಂಡವಳಿಗೆ ಕುಂಕುಮ ಹೂಗಳೊಡನೆ ಸುಗಂಧವನ್ನೂ ನಿಲ್ಲಿಸಿದ ರೂಢಿಯು ಅವಧಿಯನ್ನೂ ಹೇಳಲಿಲ್ಲ, ಇಚ್ಛೆಯನ್ನೂ ಕೇಳಲಿಲ್ಲ. ಅದರ ಒಳಗಿನ ತರ್ಕವೇನಂದರೆ, ಹೆಂಗಸಿನ ಮೈಯ ಪರಿಮಳವು ಗಂಡನಿಗಾಗಿ ಇರತಕ್ಕದ್ದು, ಭೋಕ್ತೃವು ಹೋದ ಮೇಲೆ ಭೋಗ್ಯಕ್ಕೆ ಕೆಲಸವಿಲ್ಲ. ಪೂಸಿಕೊಂಡವರ ಮೂಗು ಬೇಗ ಮರೆಯುವದರಿಂದ ಸುಗಂಧವು ಪರಾರ್ಥವೆಂಬ ಮೇಲಿನ ವಾದವು ಈ ರೂಢಿಗೆ ಬೆಂಬಲ ಕೊಟ್ಟಂತೆ ಕಾಣುವದು. ಆದರೆ ಕೊಡುವದಿಲ್ಲ. ಮೂಗು ಮರೆಯುವದು ನಿಜ. ಸೆರಗನ್ನು ಸರಿಪಡಿಸುವಾಗ, ಹೊರಗೆ ಹೋಗಿ ಒಳಗೆ ಬಂದಾಗ, ಅದೇ ವಾಸನೆಯು ಥಟ್ಟನೆ ಮರಳಿ ತವರಿನ ಮೊದಲ ಮಳೆಯನ್ನೋ ತಾಯಿಯ ಪೆಟ್ಟಿಗೆಯನ್ನೋ ಕಣ್ಣ ಮುಂದೆ ನಿಲ್ಲಿಸುವದೂ ಅಷ್ಟೇ ನಿಜ. ಆ ನೆನಪಿನಲ್ಲಿ ಬದಿಗೆ ಕುಳಿತವನಿಗೆ ಪಾಲಿಲ್ಲ, ಗಂಡನಿಗೂ ಇರಲಿಲ್ಲ. ‘ವಾಸನಾ’ ಎಂಬ ಶಬ್ದಕ್ಕೆ ಚಿತ್ತದಲ್ಲಿ ಉಳಿದ ಸಂಸ್ಕಾರವೆಂಬ ಅರ್ಥವನ್ನು ದಾರ್ಶನಿಕರು ಸುಮ್ಮನೆ ಕೊಡಲಿಲ್ಲ.

ಗುಡಗೇರಿಗೆ ಸಮೀಪದ ಶಿಶುನಾಳದಲ್ಲಿ, 1889ರಲ್ಲಿ ದೇಹವಿಟ್ಟ ಶರೀಫಸಾಹೇಬರ ಗದ್ದುಗೆಗೆ ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವರು. ದರ್ಗಾಗಳ ಉರುಸಿನಲ್ಲಿ ಗೋರಿಗೆ ಗಂಧವನ್ನೇರಿಸುವ ಪದ್ಧತಿಯು ನಾಡಿನಲ್ಲೆಲ್ಲ ಇದೆ. ಮಣ್ಣಿನಲ್ಲಿ ಮಲಗಿದವರು ಮೂಸಿ ಸುಖಪಡುವರೆಂದು ಯಾರೂ ವಾದಿಸುವದಿಲ್ಲ. ಆದರೂ ಏರಿಸುವರು, ಅದು ಯೋಗ್ಯವೂ ಅಹುದು. ಸತ್ತವರಿಗೆ ಸಲ್ಲುವ ಗಂಧವು ಬದುಕಿದವಳಿಗೆ ಸಲ್ಲದೆಂಬದನ್ನು ಯಾವ ಪ್ರಮಾಣದಿಂದ ಸಾಧಿಸಬೇಕು? ನೆರೆಯವರಿಗೆ ಪೀಡೆಯಾಗದಂತೆ ಮಿತವಾಗಿ ಪೂಸಿಕೊಳ್ಳಬೇಕೆಂಬ ನಿಯಮವು ನ್ಯಾಯವಾದದ್ದು. ಅದು ಗಂಡಸಿಗೂ ಹೆಂಗಸಿಗೂ, ಮುತ್ತೈದೆಗೂ ಅಲ್ಲದವಳಿಗೂ ಒಂದೇ. ಅದಕ್ಕಿಂತ ಹೆಚ್ಚಿನದನ್ನು ವಿಧಿಸುವ ಅಧಿಕಾರವು ನೆರೆಯವರಿಗಿಲ್ಲ.

ಧಾರವಾಡ ಸೀಮೆಯ ಮದುವೆಗಳಲ್ಲಿ ಬಂದವರಿಗೆ ಅತ್ತರು ಗುಲಾಬು ಕೊಡುವ ಪದ್ಧತಿಯು ಇನ್ನೂ ಕೆಲವು ಮನೆಗಳಲ್ಲಿ ಉಳಿದಿದೆ. ಹುಡುಗನೊಬ್ಬನು ಅತ್ತರದಾನಿಯನ್ನು ಹಿಡಿದು ಸಾಲಿನಲ್ಲಿ ಕುಳಿತವರ ಮುಂಗೈಗೆ ಸವರುತ್ತ ಹೋಗುವನು. ಯಾರ ಕೈಯನ್ನು ಬಿಟ್ಟು ಮುಂದೆ ಹೋಗಬೇಕೆಂಬದನ್ನು ಹಿರಿಯರು ಅವನಿಗೆ ಮೊದಲೇ ಹೇಳಿಕೊಟ್ಟಿರುವರು. ಹೇಳಿಕೊಡದಿದ್ದರೆ ಅವನು ಎಲ್ಲರ ಕೈಗೂ ಸವರುವನು.