ಮರೆಯಲ್ಲಿ ನಿಂತವನ ಧರ್ಮ

ಬಿಲ್ಲುಬೇಟೆಯನ್ನು ಬಲ್ಲವರಲ್ಲಿ ಒಂದು ಹಳೆಯ ವಾದವಿರುವದು. ಮೃಗವು ಸುಳಿಯುವ ದಾರಿಯಲ್ಲಿ ಮರವನ್ನೇರಿ, ಅಟ್ಟಣೆ ಕಟ್ಟಿ ಕಾಯುವದು ಲೇಸೋ, ಅಥವಾ ನೆಲದ ಮೇಲೆಯೇ ಸೊಪ್ಪುಸದೆಗಳ ಮರೆ ಮಾಡಿಕೊಂಡು ಕಾಯುವದು ಲೇಸೋ? ಮೇಲುನೋಟಕ್ಕೆ ಇದು ಕೇವಲ ಅನುಕೂಲತೆಯ ಪ್ರಶ್ನೆ. ಒಳಹೊಕ್ಕು ನೋಡಿದರೆ, ತಾನು ಕಾಣಿಸಿಕೊಳ್ಳದೆ ಇನ್ನೊಂದು ಜೀವದ ಮೇಲೆ ಕೈಮಾಡುವವನಿಗೆ ಯಾವ ಕಟ್ಟುಪಾಡುಂಟು ಎಂಬ ಪ್ರಶ್ನೆಯು ಇದರಲ್ಲಿ ಅಡಗಿರುವದು. ಅದನ್ನು ಕುರಿತು ನಾಲ್ಕು ಮಾತುಗಳನ್ನು ವಾಚಕರ ಮುಂದೆ ಇಡುವೆನು.

ನಮ್ಮ ಚಿಟಗುಪ್ಪದ ಸೀಮೆಗೆ ಈ ವಿಚಾರವು ಪರಕೀಯವಲ್ಲ. ನೆರೆಯ ಕಲ್ಯಾಣದಲ್ಲಿ ೧೧೨೬ರಿಂದ ೧೧೩೮ರವರೆಗೆ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ರಾಜರ ವಿನೋದಗಳ ಸಾಲಿನಲ್ಲಿ ಮೃಗಯೆಗೂ ಸ್ಥಾನವಿತ್ತು, ಅದರ ಹಲವು ಬಗೆಗಳನ್ನು ವಿಸ್ತಾರವಾಗಿ ವರ್ಣಿಸಿರುವನು. ಪಳಗಿದ ಜಿಂಕೆಯನ್ನು ಮುಂದಿಟ್ಟು ಅಡವಿಯ ಜಿಂಕೆಯನ್ನು ಸೆಳೆಯುವ ಉಪಾಯವೂ ಅಲ್ಲಿರುವದು. ಅದೇ ಕಲ್ಯಾಣದಲ್ಲಿ ಕೆಲವೇ ದಶಕಗಳ ತರುವಾಯ ಬಸವಣ್ಣನವರೂ ಇತರ ಶರಣರೂ ಸಕಲ ಜೀವಿಗಳಲ್ಲಿ ದಯೆಯನ್ನು ಬೋಧಿಸಿದರು. ಒಂದೇ ಊರು ಒಂದೇ ಶತಮಾನದಲ್ಲಿ ಬೇಟೆಯ ಶಾಸ್ತ್ರವನ್ನೂ ದಯೆಯ ಮಾರ್ಗವನ್ನೂ ಕಂಡಿತು. ಈಗ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೂಲಕ ನಮ್ಮ ಬಯಲುಗಳ ಕೃಷ್ಣಮೃಗವನ್ನು ಬೇಟೆಯಾಡುವದು ಅಪರಾಧವಾಗಿದೆ. ಅದು ಉಚಿತವೇ ಆಗಿದೆ. ಆದರೆ ಅಮೇರಿಕೆ ಮೊದಲಾದ ದೇಶಗಳಲ್ಲಿ ಬಿಲ್ಲುಬೇಟೆಗೆ ಇಂದಿಗೂ ಸಮ್ಮತಿಯುಂಟು. ಅಲ್ಲಿಯವರಿಗೆ ಇದು ಕಸುಬಿನ ಪ್ರಶ್ನೆಯಾದರೆ ನಮಗೆ ಧರ್ಮದ ಪ್ರಶ್ನೆ.

ಮೊದಲು ಕಸುಬನ್ನೇ ನೋಡೋಣ. ಗುಂಡು ತನ್ನ ಹೊಡೆತದಿಂದ ಕೆಡಹುವದು. ಬಾಣವು ರಕ್ತವನ್ನು ಹರಿಸಿ ಕೊಲ್ಲುವದು. ಆದಕಾರಣ ಬಿಲ್ಲುಗಾರನು ಮೃಗದ ತೀರ ಸಮೀಪದಲ್ಲಿರಬೇಕು. ಮೂವತ್ತು ಗಜ ದೂರದಲ್ಲಿ ಜಿಂಕೆಯಿದೆಯೆಂದು ಭಾವಿಸಿರಿ. ಹೆದೆಯ ಸದ್ದು ಒಂದು ಸೆಕೆಂಡಿನ ಹನ್ನೆರಡನೆಯ ಒಂದು ಪಾಲಿನಲ್ಲಿ ಅದರ ಕಿವಿಯನ್ನು ಮುಟ್ಟುವದು. ಸಾಮಾನ್ಯ ಮರದ ಬಿಲ್ಲಿನ ಬಾಣವು ಸೆಕೆಂಡಿಗೆ ಸುಮಾರು ನೂರೈವತ್ತು ಅಡಿ ಸಾಗುವದರಿಂದ ಅದಕ್ಕೆ ಅರ್ಧ ಸೆಕೆಂಡಿಗೂ ಹೆಚ್ಚಿನ ಕಾಲ ಬೇಕು. ಆ ನಡುವೆ ಬೆಚ್ಚಿದ ಪ್ರಾಣಿಯು ಮೈಯನ್ನು ಕುಗ್ಗಿಸಿ ಹೊರಳಿದರೆ, ಪುಪ್ಪುಸಕ್ಕೆ ಇಟ್ಟ ಗುರಿಯು ಬೆನ್ನಿಗೋ ಹೊಟ್ಟೆಗೋ ತಗಲಿ, ಆ ಜೀವವು ಗಂಟೆಗಟ್ಟಲೆ ನರಳುವದು.

ಅಟ್ಟಣೆಯ ಮೇಲೆ ಕುಳಿತವನ ಮೈವಾಸನೆಯು ಬಹುಮಟ್ಟಿಗೆ ಮೃಗದ ತಲೆಯ ಮೇಲೆ ಗಾಳಿಯಲ್ಲಿ ತೇಲಿಹೋಗುವದು, ನೋಟವು ವಿಶಾಲವಾಗಿರುವದು, ಗುರಿ ತಪ್ಪಿದ ಬಾಣವು ಮಣ್ಣಿನಲ್ಲಿ ನಾಟುವದು. ಆದರೆ ಕಡಿದಾದ ಓರೆಯಿಂದ ಇಳಿದ ಬಾಣವು ಎರಡು ಪುಪ್ಪುಸಗಳಲ್ಲಿ ಒಂದನ್ನೇ ಭೇದಿಸಬಹುದು. ಕುಳಿತವನೂ ಬೀಳಬಹುದು; ಅಮೇರಿಕೆಯ ಬೇಟೆಗಾರರಿಗೆ ಆಗುವ ಗಾಯಗಳಿಗೆ ಅಟ್ಟಣೆಯಿಂದ ಬೀಳುವದು ಮುಖ್ಯ ಕಾರಣಗಳಲ್ಲೊಂದು. ನೆಲದ ಮರೆಯಲ್ಲಿರುವವನಿಗೆ ಬೀಳುವ ಭಯವಿಲ್ಲ. ಹೆದೆಯನ್ನು ಸೆಳೆಯುವ ಅವನ ಕೈಯಾಟವು ಹೊರಗೆ ಕಾಣದು. ಪಕ್ಕಕ್ಕೆ ತಿರುಗಿ ನಿಂತ ಮೃಗದ ಎರಡೂ ಪುಪ್ಪುಸಗಳು ಅವನ ಬಾಣಕ್ಕೆ ನೇರವಾಗಿರುವವು. ಆದರೆ ಅವನು ಜಗತ್ತನ್ನು ನೋಡುವದು ಒಂದು ಕಿರಿದಾದ ಕಂಡಿಯೊಳಗಿಂದ. ಅವನ ತಪ್ಪಿದ ಬಾಣವು ನೆಲಕ್ಕೆ ಸಮವಾಗಿ ಹಾರಿ, ಪೊದೆಯಾಚೆಗೆ ದನ ಕಾಯುವವನಿದ್ದರೆ ಅವನನ್ನೂ ತಾಗಬಹುದು.

ಇಷ್ಟರಿಂದ ತೀರ್ಮಾನ ಹೇಳಬಹುದೆ? ನಮ್ಮ ಪುರಾಣಗಳ ಮೂವರು ಬಿಲ್ಲುಗಾರರನ್ನು ನೆನೆಯೋಣ. ಶಿವರಾತ್ರಿಯ ಕಥೆಯ ಬೇಡನು ಕೊಳದ ದಡದ ಬಿಲ್ವವೃಕ್ಷವನ್ನೇರಿ ಕುಳಿತಿದ್ದನು. ನೀರಿಗೆ ಬಂದ ಹುಲ್ಲೆಯು ಅವನನ್ನು ಕಂಡು, ಮರಿಗಳನ್ನು ಒಪ್ಪಿಸಿ ಮರಳಿ ಬರುವೆನೆಂದು ಬೇಡಿಕೊಂಡಾಗ, ಅವನು ಏರಿಸಿದ ಬಾಣವನ್ನು ಇಳಿಸಿದನು. ದಶರಥನು ಸರಯೂ ತೀರದ ನೆಲದ ಮೇಲೆ ಕತ್ತಲಲ್ಲಿ ಹೊಂಚಿದನು. ಕೊಡಕ್ಕೆ ನೀರು ತುಂಬುವ ಸದ್ದನ್ನು ಆನೆಯದೆಂದು ಬಗೆದು, ಕಾಣದ ಗುರಿಗೆ ಎಚ್ಚು, ಮುನಿಕುಮಾರನನ್ನು ಕೊಂದನು. ಒಬ್ಬನು ಮರದ ಮೇಲೆ, ಮತ್ತೊಬ್ಬನು ನೆಲದ ಮೇಲೆ. ಆದರೆ ಅವರ ಅಂತರವು ಎತ್ತರದಲ್ಲಿಲ್ಲ. ಒಬ್ಬನು ನೋಡಿದನು, ಇನ್ನೊಬ್ಬನು ನೋಡಲಿಲ್ಲ.

ಮೂರನೆಯವನು ಶ್ರೀರಾಮನು. ಕಿಷ್ಕಿಂಧೆಯಲ್ಲಿ ಮರದ ಮರೆಯಿಂದ ವಾಲಿಯನ್ನು ಎಚ್ಚ ಪ್ರಸಂಗವನ್ನು ಕುರಿತು ಆಸ್ತಿಕರೂ ಇಂದಿಗೂ ಚರ್ಚಿಸುವರು. ಮನುಷ್ಯರು ಮೃಗಗಳನ್ನು ಅಡಗಿ ನಿಂತೂ ಕೊಲ್ಲುವರೆಂದು ರಾಮನು ಕೊಟ್ಟ ಉತ್ತರವು ಎಲ್ಲರಿಗೂ ಸಮಾಧಾನಕರವೆಂದು ನಾನು ಹೇಳಲಾರೆ. ಆದರೆ ಆ ಕಥೆಯಲ್ಲಿ ಎರಡು ಸಂಗತಿಗಳು ಗಮನಾರ್ಹವಾದವು. ಮೊದಲನೆಯ ಕಾಳಗದಲ್ಲಿ ಅಣ್ಣತಮ್ಮಂದಿರ ಗುರುತು ಹತ್ತದೆ ರಾಮನು ಬಾಣವನ್ನು ಬಿಡಲಿಲ್ಲ. ಸುಗ್ರೀವನು ಏಟು ತಿಂದು ಓಡಿಬಂದರೂ ಸರಿಯೆ, ಅವನ ಕೊರಳಿಗೆ ಗಜಪುಷ್ಪಿಯ ಬಳ್ಳಿಯನ್ನು ತೊಡಿಸಿ ಗುರುತು ಮಾಡಿದ ಮೇಲೆಯೇ ಎಚ್ಚನು. ಎರಡನೆಯದಾಗಿ, ವಾಲಿಯು ಬಿದ್ದ ತರುವಾಯ ಅವನು ಮರೆಯಲ್ಲಿಯೇ ಉಳಿಯಲಿಲ್ಲ; ಹೊರಬಂದು, ಸಾಯುವವನ ಎದುರಿಗೆ ನಿಂತು, ಅವನ ನಿಂದೆಯನ್ನೆಲ್ಲ ಕೇಳಿ ಉತ್ತರವಿತ್ತನು. ದಶರಥನೂ ಕುರುಡರಾದ ತಾಯಿತಂದೆಗಳ ಬಳಿಗೆ ಸ್ವತಃ ಹೋಗಿ ತನ್ನ ತಪ್ಪನ್ನು ಹೇಳಿಕೊಂಡನು.

ಇವುಗಳಿಂದ ಮರೆಯ ಧರ್ಮವು ಎರಡು ಮಾತುಗಳಲ್ಲಿ ತಿಳಿಯುವದು. ಬಾಣ ಬಿಡುವ ಮುನ್ನ ಪೂರ್ಣವಾಗಿ ನೋಡಬೇಕು. ಬಿಟ್ಟ ಮೇಲೆ ಹೊರಗೆ ಬರಬೇಕು. ಮರೆಯು ನೋಟಕ್ಕಾಗಿ ಇರತಕ್ಕದ್ದು, ಹೊಣೆಯಿಂದ ನುಣುಚಿಕೊಳ್ಳುವದಕ್ಕಾಗಿ ಅಲ್ಲ.

ಇಲ್ಲಿ ಒಂದು ಆಕ್ಷೇಪವು ಬರುವದು. ಕೊಲ್ಲುವದೇ ತಪ್ಪಾದ ಮೇಲೆ ಮೇಲಿನಿಂದ ಕೊಂದರೇನು, ಕೆಳಗಿನಿಂದ ಕೊಂದರೇನು? ಶರಣರ ನಾಡಿನವನಾದ ನಾನು ಈ ಮಾತನ್ನು ಹಗುರಾಗಿ ಎಣಿಸಲಾರೆ. ಆದರೆ ಪೂರ್ಣ ಅಹಿಂಸೆಯನ್ನು ಪಾಲಿಸಲಾರದ ಲೋಕದಲ್ಲಿ, ಹಿಂಸೆಗೂ ಎಲ್ಲೆಗಳುಂಟೆಂದು ಕಲಿಸುವದು ದಯೆಯ ವಿರೋಧವಲ್ಲ; ಅದು ದಯೆಯ ಮೊದಲನೆಯ ಪಾಠ. ಪೂರ್ಣವಾಗಿ ನೋಡಿದವನೇ ಆ ಬೇಡನಂತೆ ಬಿಲ್ಲನ್ನು ಇಳಿಸಬಲ್ಲನು. ಈ ಧರ್ಮವು ಬೇಟೆಗಾರನಿಗೆ ಮಾತ್ರ ಸಂಬಂಧಿಸಿದ್ದೂ ಅಲ್ಲ. ಹೆಸರಿಲ್ಲದ ಮೂಗರ್ಜಿ ಬರೆದು ನೆರೆಯವನ ಅನ್ನಕ್ಕೆ ಕಲ್ಲು ಹಾಕುವವನೂ ಮರೆಯಲ್ಲಿ ನಿಂತ ಬಿಲ್ಲುಗಾರನೇ. ಅವನು ನೋಡಿಯೂ ಇರುವದಿಲ್ಲ, ಹೊರಗೂ ಬರುವದಿಲ್ಲ.

ಹಾಗಾದರೆ ಅಟ್ಟಣೆಯೋ, ನೆಲದ ಮರೆಯೋ? ಬಿಲ್ಲುಬೇಟೆಗೆ ಸಮ್ಮತಿಯಿರುವಲ್ಲಿ ನನ್ನ ಮತವು ಅಟ್ಟಣೆಯ ಕಡೆಗೆ. ಅದು ಹೆಚ್ಚು ತೋರಿಸುವದು, ದಾರಿಹೋಕನನ್ನು ತಪ್ಪಿದ ಬಾಣದಿಂದ ಕಾಯುವದು. ಆದರೆ ಅದರ ಮೇಲೆ ಕುಳಿತವನು ಕಡಿದಾದ ಓರೆಯ ಗುರಿಯನ್ನು ಬಿಟ್ಟುಕೊಡಬೇಕು. ಗಾಯಗೊಂಡ ಮೃಗದ ಜಾಡು ಹಿಡಿದು ಇಳಿದು ಹೋಗಲು ಮನಸ್ಸಿಲ್ಲದವನು ಮರವನ್ನು ಹತ್ತಲೇಬಾರದು.

ನಮ್ಮಲ್ಲಿ ಇದಕ್ಕಿಂತಲೂ ಮೇಲಾದ ಒಂದು ಅಟ್ಟಣೆಯುಂಟು. ಜೋಳದ ತೆನೆ ಹಾಲುಗಟ್ಟುವ ಕಾಲದಲ್ಲಿ ಒಕ್ಕಲಿಗನು ಹೊಲದ ನಡುವೆ ಅಟ್ಟಣಿಗೆಯನ್ನು ಕಟ್ಟಿ, ಕವಣೆ ಹಿಡಿದು ಕುಳಿತುಕೊಳ್ಳುವನು. ಅವನೂ ಎತ್ತರದಿಂದ ನಾಲ್ಕು ದಿಕ್ಕನ್ನು ನೋಡುವನು. ಆದರೆ ಹಕ್ಕಿಗಳ ಹಿಂಡು ಇಳಿದಾಗ ಅವನು ಅಡಗುವದಿಲ್ಲ. ಎದ್ದು ನಿಂತು ಕೂಗುವನು. ತೆನೆಯೂ ಉಳಿಯುವದು, ಹಕ್ಕಿಯೂ ಬದುಕುವದು.