ಬೆದರಿಸದ ನಡಿಗೆಯೂ ಅಭಯವೂ

ಉತ್ತರ ಅಮೆರಿಕದ ಕಾಡುಗಳಲ್ಲಿ ಶರತ್ಕಾಲವು ಬಂದಿತೆಂದರೆ ಬಿಳಿಬಾಲದ ಜಿಂಕೆಗಳ ಬೇಟೆಯೂ ಬಂದಿತೆಂದೇ ಅರ್ಥ. ಅಲ್ಲಿನ ಬೇಟೆಗಾರರಲ್ಲಿ ಅನೇಕರು ಮೃಗವನ್ನು ಬೆನ್ನಟ್ಟುವವರಲ್ಲ. ಮರದಲ್ಲಿ ಮೊದಲೇ ಕಟ್ಟಿರಿಸಿದ ಅಟ್ಟಣೆಯನ್ನೇರಿ ಮೌನವಾಗಿ ಕಾಯುವವರು. ಅವರ ಕೌಶಲವೆಲ್ಲವೂ ಆ ಅಟ್ಟಣೆಯನ್ನು ತಲಪುವ ನಡಿಗೆಯಲ್ಲಿದೆ.

ಬೇಟೆಯ ಋತುವಿಗೆ ಮುನ್ನವೇ ದಾರಿಯ ತರಗೆಲೆ, ಒಣಕಡ್ಡಿಗಳನ್ನು ಸರಿಸಿಡಲಾಗುತ್ತದೆ. ಬೆಳಕು ಹರಿಯುವ ಮೊದಲೇ ಹೊರಟ ಬೇಟೆಗಾರನು ಚಿಟಿಕೆ ಪುಡಿಯನ್ನು ತೂರಿ ಗಾಳಿಯ ದಿಕ್ಕನ್ನು ಅರಿತು, ತನ್ನ ಮೈವಾಸನೆಯು ಜಿಂಕೆಗಳು ಮಲಗುವ ತಾಣದತ್ತ ಸಾಗದಂತೆ ಬಳಸುದಾರಿಯನ್ನು ಹಿಡಿಯುತ್ತಾನೆ. ಅವು ಮೇಯುವ ಬಯಲನ್ನು ದಾಟುವುದಿಲ್ಲ. ನಾಲ್ಕು ಹೆಜ್ಜೆ ನಡೆದು ನಿಲ್ಲುತ್ತಾನೆ, ಕಿವಿಗೊಡುತ್ತಾನೆ, ಮತ್ತೆ ನಡೆಯುತ್ತಾನೆ. ವಾಸನೆಯ ಎಳೆಯೊಂದು ಮೂಗಿಗೆ ತಾಗಿದರೂ ಸಾಕು, ಜಿಂಕೆಯು ಮುಂಗಾಲನ್ನು ನೆಲಕ್ಕೆ ಬಡಿದು, ಬುಸುಗುಟ್ಟಿ, ಬಾಲದ ಬಿಳುಪನ್ನೆತ್ತಿ ಹಾರುವುದು, ಹತ್ತಿರದವೆಲ್ಲವೂ ಎಚ್ಚರಗೊಳ್ಳುವುವು.

ಇದನ್ನು ಕೇಳಿದ ಶ್ರಾವಕನಿಗೆ ಈರ್ಯಾಸಮಿತಿಯ ನೆನಪಾಗದಿರದು. ಮುನಿಯೂ ನಾಲ್ಕು ಮೊಳದಷ್ಟು ಮುಂದಿನ ನೆಲವನ್ನು ನೋಡುತ್ತ, ಅವಸರವಿಲ್ಲದೆ, ಯಾವ ಜೀವಿಗೂ ಬಾಧೆಯಾಗದಂತೆ ನಡೆಯುತ್ತಾನೆ. ಆತನು ಹಗಲಿನ ಬೆಳಕಿನಲ್ಲಿ ನಡೆಯುತ್ತಾನೆ, ಬೇಟೆಗಾರನು ಕತ್ತಲೆಯಲ್ಲಿ, ಎಂಬ ಭೇದವುಂಟು. ಆದರೂ ಎಚ್ಚರವೊಂದನ್ನೇ ಅಳೆಯುವುದಾದರೆ, ಉಪವಾಸದ ಪಾರಣೆಗೆಂದು ಧಾವಿಸುವಾಗ ಬಸದಿಯ ಅಂಗಳದ ಇರುವೆಸಾಲನ್ನು ಕಾಣದ ವ್ರತಿಕನಿಗಿಂತ ಆ ಬೇಟೆಗಾರನೇ ಮೇಲಲ್ಲವೆ?

ಪ್ರಶ್ನೆಯು ಹಗುರವಾದುದಲ್ಲ. ತತ್ತ್ವಾರ್ಥಸೂತ್ರವು ಪ್ರಮತ್ತಯೋಗದಿಂದಾಗುವ ಪ್ರಾಣಹರಣವನ್ನು ಹಿಂಸೆಯೆಂದಿದೆ. ಪ್ರಮಾದವೆಂದರೆ ಬರಿಯ ಅಲಕ್ಷ್ಯವೆಂದು ತಿಳಿದವರಿಗೆ ಬೇಟೆಗಾರನು ಅಪ್ರಮತ್ತನಾಗಿಯೇ ತೋರಿಯಾನು. ಆದರೆ ಶಾಸ್ತ್ರವು ಎಣಿಸುವ ಹದಿನೈದು ಪ್ರಮಾದಗಳಲ್ಲಿ ನಿದ್ರೆಯು ಒಂದು ಮಾತ್ರ, ಕಷಾಯಗಳು ನಾಲ್ಕು. ಕಷಾಯದ ಸೇವೆಯಲ್ಲಿರುವ ಎಚ್ಚರವು ಎಷ್ಟು ತೀಕ್ಷ್ಣವಾದರೂ ಪ್ರಮಾದವೇ.

ಇನ್ನೊಂದು ಸೂಕ್ಷ್ಮವಿದೆ. ಬೇಟೆಗಾರನು ಜಿಂಕೆಗೆ ಭಯವನ್ನುಂಟುಮಾಡುವುದಿಲ್ಲ. ಹಾಗಾದರೆ ಅದು ಅಭಯದಾನವೆ? ಭಯವು ಆ ಮೂಕಪ್ರಾಣಿಗೆ ಇರುವ ಕಾವಲುಗಾರ. ಬೇಟೆಗಾರನು ಭಯದ ಕಾರಣವನ್ನು ಉಳಿಸಿಕೊಂಡು ಅದರ ಸುಳಿವನ್ನು ಮಾತ್ರ ಅಳಿಸುತ್ತಾನೆ. ಕಾವಲುಗಾರನನ್ನು ಮಲಗಿಸಿ ಮನೆಯನ್ನು ಹೊಗುತ್ತಾನೆ. ಬೆದರಿ ಓಡಿದ ಜಿಂಕೆಯೇ ಅಂದು ಬದುಕುತ್ತದೆ. ಬೆದರದ ಮೃಗವು ಒಂದೇ ಗುಂಡಿಗೆ, ಹೆಚ್ಚು ನರಳದೆ ಸಾಯುವುದೆಂದು ಬೇಟೆಗಾರರು ಹೇಳುವುದುಂಟು. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಅದು ಕೊಲ್ಲುವ ರೀತಿಯನ್ನು ಕುರಿತ ಮಾತು. ಕೊಲ್ಲುವ ಸಂಕಲ್ಪವನ್ನು ಅದು ಮುಟ್ಟುವುದಿಲ್ಲ.

ಈ ಮೃದುವಾದ ನಡಿಗೆಗೆ ಶಾಸ್ತ್ರದಲ್ಲಿರುವ ಹೆಸರು ಮಾಯೆ: ಒಳಗೊಂದು, ಹೊರಗೊಂದು. ತಿರ್ಯಗಾಯುವಿನ ಆಸ್ರವಕ್ಕೆ ಮಾಯೆಯೇ ಕಾರಣವೆಂದು ಅದೇ ಸೂತ್ರಗ್ರಂಥವು ಹೇಳುತ್ತದೆ. ಮೃಗವನ್ನು ವಂಚಿಸಿದವನಿಗೆ ಮೃಗಜನ್ಮವೇ ಒದಗುವುದೆಂಬ ಈ ನ್ಯಾಯವು ಎಂಥವನನ್ನೂ ತಡೆದು ನಿಲ್ಲಿಸುವಂಥದು. ದಿನವಿಡೀ ಕಾದು ಬರಿಗೈಯಲ್ಲಿ ಮರಳಿದವನ ಗತಿಯೇನೆಂದು ಕೇಳುವವರು ಜನ್ನನ ಯಶೋಧರಚರಿತೆಯನ್ನು ನೆನೆಯಬಹುದು. ಅಲ್ಲಿ ಬಲಿಯಾದದ್ದು ಹಿಟ್ಟಿನ ಕೋಳಿ. ತಾಯಿ ಮಕ್ಕಳಿಬ್ಬರೂ ಪಶುಪಕ್ಷಿಗಳಾಗಿ ಹಲವು ಜನ್ಮಗಳನ್ನು ತೊಳಲಿದರು.

ಬೇಟೆಯು ಸಪ್ತವ್ಯಸನಗಳಲ್ಲೊಂದು, ಅದನ್ನು ತೊರೆದೆವೆಂದು ಹೇಳಿಕೊಳ್ಳುವುದು ಜೈನ ಗೃಹಸ್ಥನಿಗೆ ಸುಲಭ. ಮಾಯೆಯನ್ನು ತೊರೆದೆನೆಂದು ಹೇಳುವುದು ಅಷ್ಟು ಸುಲಭವಲ್ಲ. ದಶಲಕ್ಷಣ ಪರ್ವದ ಮೂರನೆಯ ದಿನ ಉತ್ತಮ ಆರ್ಜವವನ್ನು ಕುರಿತ ಪ್ರವಚನವನ್ನು ಉಪವಾಸದಿಂದಲೇ ಆಲಿಸಿದ ವರ್ತಕನೊಬ್ಬನನ್ನು ಊಹಿಸಬಹುದು. ಮರುದಿನ ಅಂಗಡಿಯಲ್ಲಿ ಅವನ ದನಿಯು ಇನ್ನಷ್ಟು ಮೃದುವಾಗಿದೆ. ಸಾಲ ಕೇಳಬಂದ ರೈತನಿಗೆ ನೀರು ಕೊಡಿಸುತ್ತಾನೆ, ಮಳೆಬೆಳೆಯನ್ನು ವಿಚಾರಿಸುತ್ತಾನೆ, ಬಡ್ಡಿಯ ಮಾತನ್ನು ಕೊನೆಗೆ ಉಳಿಸಿಕೊಂಡು ಕಾಗದವನ್ನು ಮೆಲ್ಲನೆ ಮುಂದಕ್ಕೆ ಸರಿಸುತ್ತಾನೆ. ರೈತನು ಬೆದರುವುದಿಲ್ಲ.